ಹಂಪಿಯಲ್ಲಿ ದೀಪಾವಳಿಗೆ ಹೊಸ ವರ್ಷ?

ಪ್ರಶ್ನೆ: ದೀಪಾವಳಿ ಪಾಡ್ಯಕ್ಕೆ ಅಂಗಡಿ ಪೂಜೆ ಮಾಡಿ ಹೊಸ ಕಿರ್ದಿ ಪುಸ್ತಕ ತೆಗೆಯುತ್ತೇವೆ. ‘ಯುಗಾದಿ ಬಿಟ್ಟು ಇದ್ಯಾವ ಹೊಸ ವರ್ಷ ತಾತ?’ ಅಂತಾನೆ ಮೊಮ್ಮಗ. ಹಂಪಿ ಅರಸರಿಗೂ ಅವತ್ತೇ ಹೊಸ ವರ್ಷ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಿಜವೇ?
- ಓದುಗರೊಬ್ಬರು, ಗಂಗಾವತಿ

ಉತ್ತರ: ಹಿರಿಯರು ಸುಮ್ನೆ ಹೇಳಿದ್ದಲ್ಲ. ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸ ಇದನ್ನೇ ಬರೆದಿಟ್ಟಿದ್ದಾನೆ.

ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದ ಕಾಲದಲ್ಲೇ, 1520ರ ಸುಮಾರಿಗೆ, ಈತ ಹಂಪಿಗೆ ಬಂದವನು. ಮಹಾನವಮಿಯ ಒಂಬತ್ತೂ ದಿನ ನೋಡಿದ. ಬಲಿಯಾದ ಕೋಣ, ಕುರಿಗಳ ಲೆಕ್ಕ ಕೊಡುತ್ತಾನೆ, ಕುಸ್ತಿ, ಕುಣಿತ, ಬಾಣಬಿರುಸು ಎಲ್ಲ ಹೇಳುತ್ತಾನೆ. ಆದರೆ ಅವನ ಕಣ್ಣು ನೆಟ್ಟಿದ್ದು ಅರಮನೆ ಹೆಂಗಸರ ಒಡವೆ ಮೇಲೆ. ಮೈತುಂಬ ಚಿನ್ನ, ಮುತ್ತು, ರತ್ನ. ಆ ಭಾರಕ್ಕೆ ಕೆಲವರಿಗೆ ನಡೆಯಲಿಕ್ಕೇ ಆಗದೆ, ಪಕ್ಕದವರು ತೋಳು ಹಿಡಿದು ನಡೆಸುತ್ತಿದ್ದರಂತೆ!

ಅದಾದ ಮೇಲೆ ಬರುತ್ತದೆ ನಿಮ್ಮ ಪಾಡ್ಯ. ಅಕ್ಟೋಬರ್ 12ರಂದು ಇವರಿಗೆ ವರ್ಷ ಶುರು ಎನ್ನುತ್ತಾನೆ ಪಾಯೆಸ್. 1520ರಲ್ಲಿ ಆ ತಾರೀಕು ಕಾರ್ತಿಕ ಶುದ್ಧ ಪಾಡ್ಯಕ್ಕೆ ಸರಿಯಾಗಿ ಕೂಡುತ್ತದೆ. ಅವತ್ತು ಎಲ್ಲರ ಮೈಮೇಲೂ ಹೊಸ ಬಟ್ಟೆ. ನಾಯಕರು ತಮ್ಮ ತಮ್ಮ ಪಡೆಗೆ ಬೇರೆ ಬೇರೆ ಬಣ್ಣದ ಬಟ್ಟೆ ಹಂಚುತ್ತಿದ್ದರು. ರಾಯನಿಗೆ ಕಾಣಿಕೆಯಾಗಿ ಬರುತ್ತಿದ್ದ ಹಣ 15 ಲಕ್ಷ ಚಿನ್ನದ ವರಹ ಎಂದು ಜನ ಆಡಿಕೊಳ್ಳುತ್ತಿದ್ದರಂತೆ. ಊರ ಮಾತು, ಸ್ವಲ್ಪ ಜಾಸ್ತಿಯೇ ಇರಬೇಕು.

ಹಾಗಾದರೆ ಯುಗಾದಿ ಇರಲಿಲ್ಲವೇ? ಇತ್ತು. ವಿಜಯನಗರದ ಶಾಸನಗಳಲ್ಲಿ ಹೆಚ್ಚಿನವು ಶಕ ವರ್ಷದವು, ಅದು ಚೈತ್ರದಿಂದಲೇ ಶುರು. ಪಾಯೆಸ್‌ಗಿಂತ ನೂರು ವರ್ಷ ಮುಂಚೆ ಬಂದ ಇಟಲಿಯ ನಿಕೊಲೊ ಕೊಂಟಿ, ಗುಡಿಗಳ ಒಳಗೂ ಮಾಳಿಗೆ ಮೇಲೂ ಹಗಲಿರುಳು ಉರಿಯುವ ಎಣ್ಣೆ ದೀಪಗಳ ಹಬ್ಬವನ್ನು ನೋಡಿದ್ದ. ಅದನ್ನವನು ಹೊಸ ವರ್ಷ ಎನ್ನಲಿಲ್ಲ.

ನನಗನ್ನಿಸುವುದು ಇಷ್ಟು. ನಾಯಕರು ಕಂದಾಯ ತಂದು ಕಟ್ಟುತ್ತಿದ್ದದ್ದು ಮಹಾನವಮಿ ಹೊತ್ತಿಗೆ. ಹಣ ಕೈ ಬದಲಾಯಿಸುವ ಕಾಲ, ಅದರ ಬೆನ್ನಿಗೇ ಹೊಸ ಬಟ್ಟೆ. ವ್ಯಾಪಾರಿಗಳಿಗೂ ಲೆಕ್ಕದ ವರ್ಷ ಆಗಲೇ. ಗುಜರಾತಿನವರಿಗೆ ಇವತ್ತಿಗೂ ಕಾರ್ತಿಕ ಪಾಡ್ಯವೇ ಹೊಸ ವರ್ಷ. ಇದನ್ನೆಲ್ಲ ಕಂಡ ಪರದೇಶಿ ‘ವರ್ಷ ಶುರು’ ಎಂದು ಬರೆದುಕೊಂಡರೆ ತಪ್ಪೇನಿಲ್ಲ ಅಲ್ವಾ?

ಮೊಮ್ಮಗನಿಗೆ ಹೇಳಿ: ಪಂಚಾಂಗಕ್ಕೆ ಯುಗಾದಿ, ಕಿರ್ದಿಗೆ ಪಾಡ್ಯ. ತೆರಿಗೆಯವರಿಗೆ ಏಪ್ರಿಲ್ 1 ಅಂತ ಅವನೇ ಸೇರಿಸುತ್ತಾನೆ.