ಎಂಟು ಗಂಟೆಯ ಅಲಾರಂ

(ಪತ್ರದ ಸಾರ: ಯಜಮಾನರಿಗೆ ಕ್ಯಾನ್ಸರ್ ಇತ್ತು. ಎರಡು ವರ್ಷ ನಾನೇ ನೋಡಿಕೊಂಡೆ. ಹೋಗಿ ಏಳು ತಿಂಗಳಾಯಿತು. ಅವರ ಮಾತ್ರೆಗೆಂದು ಇಟ್ಟಿದ್ದ ರಾತ್ರಿ ಎಂಟರ ಅಲಾರಂ ಇನ್ನೂ ಹೊಡೆಯುತ್ತದೆ, ತೆಗೆಯಲು ಮನಸ್ಸಿಲ್ಲ. ದುಃಖಕ್ಕೆ ಐದು ಹಂತ ಅಂತಾರೆ: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು. ನಾನು ಎರಡನೆಯದರಲ್ಲೇ ನಿಂತುಬಿಟ್ಟೆನಾ? ಕೌನ್ಸೆಲಿಂಗ್‌ಗೆ ಹೋಗಬೇಕಾ? ಹೇಳಬಾರದೋ ಏನೋ, ಅವರು ಹೋದಾಗ ಒಂದು ಕ್ಷಣ ಹಗುರ ಅನಿಸಿತು.)

ಅಲಾರಂ ಇರಲಿ ಬಿಡಿ. ಅದರಿಂದ ಯಾರಿಗೂ ತೊಂದರೆಯಿಲ್ಲ. ಬೇಡ ಅನಿಸಿದ ದಿನ ನೀವೇ ತೆಗೆಯುತ್ತೀರಿ.

ಐದು ಹಂತದ ವಿಷಯದಲ್ಲಿ ನಮ್ಮಂಥ ಪತ್ರಿಕೆಯವರ ತಪ್ಪೂ ಇದೆ. ಮೆಟ್ಟಿಲಿನ ಚಿತ್ರ ಬರೆಸಿ ಅಚ್ಚು ಹಾಕಿದವರು ನಾವೇ ಅಲ್ವಾ? ಎಲಿಸಬೆತ್ ಕೂಬ್ಲರ್-ರಾಸ್ ಎಂಬ ವೈದ್ಯೆ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹತ್ತಿರವಿದ್ದ ರೋಗಿಗಳನ್ನು ಮಾತಾಡಿಸಿ. ಉಳಿದವರ ದುಃಖಕ್ಕೆ ಅದನ್ನು ಅಂಟಿಸಿದ್ದು ಆಮೇಲೆ. ಹಂತ ನೋಡಿಕೊಂಡು ಯಾರೂ ಅಳುವುದಿಲ್ಲ. 1999ರಲ್ಲಿ ಮಾರ್ಗರೆಟ್ ಸ್ಟ್ರೋಬೆ, ಹೆಂಕ್ ಸ್ಖುಟ್ ಎಂಬ ಮನಶ್ಶಾಸ್ತ್ರಜ್ಞರು ಹೇಳಿದ್ದು ನನಗೆ ಜಾಸ್ತಿ ಒಪ್ಪುತ್ತದೆ. ಮನಸ್ಸು ಎರಡು ಕಡೆಗೂ ತೂಗಾಡುತ್ತದೆ ಅಂತಾರೆ ಅವರು. ಒಂದು ಹೊತ್ತು ಹೋದವರ ನೆನಪು, ಇನ್ನೊಂದು ಹೊತ್ತು ಬ್ಯಾಂಕಿನ ಫಾರಂ, ಸೋರುವ ನಲ್ಲಿ. ಬೆಳಗ್ಗೆ ನಕ್ಕು ರಾತ್ರಿ ಎಂಟಕ್ಕೆ ಅತ್ತರೆ ನೀವು ಎಲ್ಲೂ ನಿಂತುಬಿಟ್ಟಿಲ್ಲ.

ಇನ್ನು ಆ 'ಹಗುರ'. ಎರಡು ವರ್ಷ ಅರೆನಿದ್ದೆಯಲ್ಲಿ ಪಕ್ಕದ ಮಂಚದ ನರಳಾಟಕ್ಕೆ ಕಿವಿಕೊಟ್ಟು ಮಲಗಿದವರು ನೀವು. ಹಾಗನಿಸದಿದ್ದರೇ ಆಶ್ಚರ್ಯ. ನಿಮಗೆ ಸಾಕಾಗಿದ್ದು ಅವರ ನೋವು, ಅವರಲ್ಲ. ಕೌನ್ಸೆಲರ್ ಹತ್ತಿರ ಹೋದರೆ ಮೊದಲು ಇದನ್ನೇ ಹೇಳಿ. ಮನೆಯವರ ಮುಂದೆ ಬಾಯಿಬಿಡಲಾಗದ್ದನ್ನು ಹೇಳೋಕೇ ಆ ಕೋಣೆ ಇರುವುದು. ಒಳ್ಳೆಯ ಕೌನ್ಸೆಲರ್ ನಿಮ್ಮ ಅಳು ನಿಲ್ಲಿಸಲು ಹೋಗುವುದಿಲ್ಲ, 'ಧೈರ್ಯ ತಗೊಳ್ಳಿ' ಅನ್ನುವುದೂ ಇಲ್ಲ. ಸುಮ್ನೆ ಕೂತು ಕೇಳುತ್ತಾರೆ. ಮೊದಲು ಸಿಕ್ಕವರ ಜೊತೆ ಹೊಂದದಿದ್ದರೆ ಬೇರೆಯವರನ್ನು ನೋಡಿ. ಯಜಮಾನರನ್ನು ಪ್ಯಾಲಿಯೇಟಿವ್ ಕೇರ್‌ನವರು (ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆಯವರು) ನೋಡಿದ್ದರೆ ಅವರನ್ನೇ ಕೇಳಿ, ಮನೆಯವರ ದುಃಖವೂ ಅವರ ಕೆಲಸದೊಳಗೆ ಬರುತ್ತದೆ.

ಹೋಗಲೇಬೇಕಾ? ಎಲ್ಲರಿಗೂ ಬೇಕಾಗುವುದಿಲ್ಲ. ತಿಂಗಳುಗಟ್ಟಲೆ ದಿನವಿಡೀ ಅದೇ ಸಂಕಟ, ಊಟ, ನಿದ್ದೆ, ಕೆಲಸ ಯಾವುದೂ ಹದಕ್ಕೆ ಬರುತ್ತಿಲ್ಲ ಅನಿಸಿದರೆ ಮಾತ್ರ ಹೋಗಲೇಬೇಕು. ಇಂಥ ದುಃಖವನ್ನು ಕಾಯಿಲೆ ಅನ್ನಲು ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ 6 ತಿಂಗಳು ನೋಡುತ್ತದೆ, ಅಮೆರಿಕದ ಮನೋವೈದ್ಯರ ಕೈಪಿಡಿ ದೊಡ್ಡವರಿಗೆ 12 ತಿಂಗಳು. ತಜ್ಞರ ಲೆಕ್ಕವೇ ಹೀಗಿರುವಾಗ 'ಇನ್ನೂ ಅಳ್ತೀಯಾ' ಅನ್ನುವ ನೆಂಟರಿಗೆ ಯಾವ ಲೆಕ್ಕ? ಬದುಕೇ ಬೇಡ ಅನಿಸಿತೋ, ಆಗ ಒಂದು ದಿನವೂ ಕಾಯಬೇಡಿ. ಯಾರನ್ನಾದರೂ ಜೊತೆಗೆ ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿ.

ಇನ್ನೊಂದು ಪತ್ರ ಬರೆಯಿರಿ. ಇದರಲ್ಲಿ ಮಾತ್ರೆ, ಸ್ಕ್ಯಾನು, ಆಸ್ಪತ್ರೆ ಎಲ್ಲ ಇದೆ. ಅವರು ಹೇಗೆ ನಗುತ್ತಿದ್ದರು, ಯಾವುದಕ್ಕೆ ರೇಗುತ್ತಿದ್ದರು, ಒಂದೂ ಬರೆದಿಲ್ಲ ನೀವು.

– ಸಂಪಾದಕ