ಜೋನಿ ಮಿಚೆಲ್ ಹಾಡುಗಳು ಮದುವೆ ಬೇಡ ಅನ್ನುತ್ತವೆಯೇ?

'ಮೈ ಓಲ್ಡ್ ಮ್ಯಾನ್' ಹಾಡಿನಲ್ಲಿ ಮದುವೆಯ ಕಾಗದ ಬೇಡ ಅಂದ ಕೆನಡಾ ಮೂಲದ ಗಾಯಕಿ ಜೋನಿ ಮಿಚೆಲ್, 'ಸಾಂಗ್ ಫಾರ್ ಶರೋನ್'ನಲ್ಲಿ ಮದುವೆಯ ಬಿಳಿ ಉಡುಪಿಗೆ ಯಾಕೆ ಮನಸೋಲುತ್ತಾರೆ, ಇದರಲ್ಲಿ ಯಾವುದು ನಿಜ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಎರಡೂ ನಿಜ.

ಮೊದಲನೆಯದು 1971ರ 'ಬ್ಲೂ' ಆಲ್ಬಮ್‌ನಲ್ಲಿದೆ. ನಾವಿಬ್ಬರೂ ಒಟ್ಟಿಗಿರಲು ನಗರಸಭೆಯ ಕಾಗದ ಬೇಕಿಲ್ಲ ಅನ್ನುತ್ತಾಳೆ ಅದರ ಹೆಣ್ಣು. ಎಲ್ಲರೂ ನೆನಪಿಟ್ಟುಕೊಳ್ಳುವುದು ಇದೊಂದು ಸಾಲನ್ನೇ. ಆದರೆ ಅವನು ಮನೆಯಲ್ಲಿಲ್ಲದಾಗ ಅವಳಿಗೆ ಹಾಸಿಗೆ ತೀರಾ ದೊಡ್ಡದಾಗಿ ಕಾಣುತ್ತದೆ, ಬಾಣಲೆ ತೀರಾ ಅಗಲ ಅನ್ನಿಸುತ್ತದೆ. ಬಾಣಲೆ! ಇದು ಸಂಸಾರ ಮಾಡುವವರ ಮಾತು, ಅಲ್ವಾ? 'ಓಲ್ಡ್ ಮ್ಯಾನ್' ಅಂದರೂ ಇಲ್ಲಿ ಮುದುಕ ಅಲ್ಲ. ಆಡುಮಾತಿನ ಇಂಗ್ಲಿಷಿನಲ್ಲಿ ಹೆಂಗಸರು ಗಂಡನನ್ನು ಹಾಗೆ ಕರೆಯುತ್ತಿದ್ದರು, ನಮ್ಮಲ್ಲಿ 'ನಮ್ಮನೆಯವರು' ಅಂದ ಹಾಗೆ. ಅವಳು ಬೇಡ ಅಂದದ್ದು ಕಾಗದವನ್ನು ಮಾತ್ರ.

ಆ ಕಾಗದದ ಮೇಲೆ ಯಾಕಷ್ಟು ಸಿಟ್ಟು? ಜೋನಿ 1965ರಲ್ಲಿ ಚಕ್ ಮಿಚೆಲ್ ಅವರನ್ನು ಮದುವೆಯಾಗಿದ್ದರು. ಅದು ಬೇಗ ಮುರಿಯಿತು. 1968ರ ಮೊದಲ ಆಲ್ಬಮ್ ಶುರುವಾಗುವುದೇ 'ಐ ಹ್ಯಾಡ್ ಎ ಕಿಂಗ್' ಹಾಡಿನಿಂದ. ತನ್ನ ಕೀಲಿ ಆ ಮನೆಯ ಬಾಗಿಲಿಗೆ ಹೊಂದುವುದಿಲ್ಲ, ಇನ್ನು ಅಲ್ಲಿಗೆ ಹಿಂತಿರುಗಲಾರೆ ಅನ್ನುತ್ತಾಳೆ ಆ ಹಾಡಿನ ಹೆಣ್ಣು. 'ಬ್ಲೂ' ಮುಗಿಯುವುದೂ ಒಂದು ಮದುವೆಯಲ್ಲೇ. ಅದರ ಕೊನೆಯ ಹಾಡಿನಲ್ಲಿ ರಿಚರ್ಡ್ ಅನ್ನುವವನು ಮದುವೆಯಾಗಿ ಹೆಂಡತಿಗೆ ಪಾತ್ರೆ ತೊಳೆಯುವ ಮೆಷೀನ್ ತಂದುಕೊಡುತ್ತಾನೆ. ರಾತ್ರಿ ಟಿವಿ ಹಾಕಿಕೊಂಡು, ಮನೆಯ ದೀಪಗಳನ್ನೆಲ್ಲ ಉರಿಸಿಕೊಂಡು ಕುಡಿಯುತ್ತಾ ಕೂರುತ್ತಾನೆ. ಆ ಬೆಳಕು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇನ್ನು 'ಶರೋನ್', ಬಾಲ್ಯದ ಗೆಳತಿ ಶರೋನ್‌ಗೆ ಹೇಳುವಂತಿರುವ ಈ ಹಾಡು 1976ರ 'ಹೆಜಿರಾ' ಆಲ್ಬಮ್‌ನದು. ಎಂಟು ನಿಮಿಷಕ್ಕೂ ಜಾಸ್ತಿ ಇದೆ, ದಯವಿಟ್ಟು ಅರ್ಧಕ್ಕೆ ಬಿಡಬೇಡಿ. ಮ್ಯಾಂಡೊಲಿನ್ ಕೊಳ್ಳಲು ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ಗೆ ಹೋದವಳಿಗೆ ಅಂಗಡಿಯ ಗಾಜಿನ ಹಿಂದೆ ಮದುವೆಯ ಉದ್ದನೆ ಬಿಳಿ ಉಡುಪು ಕಾಣುತ್ತದೆ. ತಕ್ಷಣ ಅವಳ ಮನಸ್ಸು ಕೆನಡಾದ ಮೇಡ್‌ಸ್ಟೋನ್‌ಗೆ ಓಡುತ್ತದೆ. ಚಿಕ್ಕವಳಿದ್ದಾಗ ಆ ಪುಟ್ಟ ಊರಿನ ಮದುವೆಗಳಿಗೆಲ್ಲ ಹೋಗಿ ಕಣ್ಣೀರು, ಮುತ್ತು, ಲೇಸಿನ ಉಡುಪಿನ ಮದುಮಗಳು ಎಲ್ಲ ನೋಡಿ ಬರುತ್ತಿದ್ದಳಂತೆ. ಅವಳಿಗೆ ಆಸೆ ಇರುವುದು ಆ ದಿನದ ಮೇಲೆ, ಮದುವೆಯಲ್ಲಿ ಬಾರಿಸುವ ಗಂಟೆಯ ಸದ್ದಿನ ಮೇಲೆ. ಮರುದಿನದಿಂದ ಶುರುವಾಗುವ ಬದುಕಿನ ಬಗ್ಗೆ ಅಷ್ಟು ಆಸೆ ಕಾಣುವುದಿಲ್ಲ. ಒಬ್ಬೊಬ್ಬರೂ ಒಂದೊಂದು ಬುದ್ಧಿ ಹೇಳುತ್ತಾರೆ. ತನಗೆ ಸದ್ಯಕ್ಕೆ ಬೇಕಿರುವುದು ಇನ್ನೊಬ್ಬ ಪ್ರೇಮಿ ಅಂತ ಅವಳು ನೇರವಾಗಿ ಹೇಳಿಬಿಡುತ್ತಾಳೆ.

ಹಾಗಾಗಿ ನನ್ನ ಸಲಹೆ ಇಷ್ಟೆ: ಪರವೋ ವಿರೋಧವೋ ಅಂತ ಹುಡುಕಬೇಡಿ. ಕಾಗದ, ಬಾಣಲೆ, ಕೀಲಿ, ಉಡುಪು, ಇವುಗಳ ಬಗ್ಗೆ ಅವಳ ದನಿ ಎಲ್ಲಿ ಮೆತ್ತಗಾಗುತ್ತದೆ, ಎಲ್ಲಿ ಗಟ್ಟಿಯಾಗುತ್ತದೆ ಅಂತ ಕೇಳಿ. ಜೋನಿ 1982ರಲ್ಲಿ ಮತ್ತೆ ಮದುವೆಯಾದರು ನಿಜ. ಅದನ್ನು ಹಳೆಯ ಹಾಡುಗಳ ಉತ್ತರ ಅಂದುಕೊಳ್ಳಬೇಡಿ. 'ಶರೋನ್' ಕೊನೆಯಲ್ಲಿ ಗೆಳತಿಗೆ ಗಂಡ, ಸಂಸಾರ, ಹೊಲ ಎಲ್ಲ ಇದೆ, ಸಂಗೀತವೂ ಉಳಿದಿದೆ. ಹಾಡುವವಳ ಕಣ್ಣು ಇನ್ನೂ ನೆಲ, ಆಕಾಶದ ಕಡೆಗೇ ಇದೆ.