ಕೈತೋಟ ಪ್ರಶ್ನೋತ್ತರ: ಮರದ ಪೀಪಾಯಿಯಲ್ಲಿ ಗಿಡ ಬೆಳೆಸುವುದು

ಪ್ರಶ್ನೆ: ಹಳೆಯ ಓಕ್ ಮರದ ಪೀಪಾಯಿಯನ್ನು ಅರ್ಧಕ್ಕೆ ಕತ್ತರಿಸಿ ಎರಡು ಕುಂಡಗಳನ್ನು ಮಾಡಿಕೊಂಡು, ಕೆಲವು ವಾರ ಬಿಸಿಲಿನಲ್ಲಿ ಇಟ್ಟಿದ್ದೆ. ಈಗ ಹಲಗೆಗಳ ನಡುವೆ ಸಂದು ಕಾಣಿಸಿಕೊಂಡಿದೆ, ಕಬ್ಬಿಣದ ಪಟ್ಟಿಗಳೂ ಕೆಳಕ್ಕೆ ಜಾರಿವೆ. ಇವು ಹಾಳಾದವೆ?

ಉತ್ತರ: ಹಾಳಾಗಿಲ್ಲ, ಒಣಗಿವೆ. ಪೀಪಾಯಿಯ ಹಲಗೆಗಳನ್ನು ಅಂಟಾಗಲಿ ಮೊಳೆಯಾಗಲಿ ಹಿಡಿದಿರುವುದಿಲ್ಲ. ತೇವದಿಂದ ಉಬ್ಬಿದ ಹಲಗೆಗಳು ಒಂದನ್ನೊಂದು ಒತ್ತಿಕೊಂಡು ಪಟ್ಟಿಯೊಳಗೆ ಬಿಗಿಯಾಗಿ ಕೂರುವುದೇ ಅದರ ಬಲ. ಮರವು ಉದ್ದಕ್ಕಿಂತ ಅಗಲದಲ್ಲಿ ಹೆಚ್ಚು ಕುಗ್ಗುವುದರಿಂದ, ಒಣಗಿದೊಡನೆ ಪ್ರತಿ ಹಲಗೆಯೂ ತುಸು ಕಿರಿದಾಗಿ ಪಟ್ಟಿ ಸಡಿಲವಾಗುತ್ತದೆ. ಕುಂಡವನ್ನು ಬೋರಲು ಹಾಕಿ, ಪಟ್ಟಿಗಳನ್ನು ಅಗಲವಾದ ಬಾಯಿಯ ಕಡೆಗೆ ಸುತ್ತಲೂ ಸಮನಾಗಿ, ಮರದ ತುಂಡೊಂದನ್ನು ಅಡ್ಡವಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಬಿಗಿಗೊಳಿಸಿ. ಬಳಿಕ ನೇರವಾಗಿ ನಿಲ್ಲಿಸಿ ನೀರು ತುಂಬಿ. ಮೊದಲು ಸೋರಿದರೂ ಮತ್ತೆ ಮತ್ತೆ ತುಂಬುತ್ತಿದ್ದರೆ ಒಂದೆರಡು ದಿನಗಳಲ್ಲಿ ಸಂದುಗಳು ಮುಚ್ಚಿಕೊಳ್ಳುತ್ತವೆ. ಹಲಗೆಗಳು ಉಬ್ಬಿರುವಾಗಲೇ ಪಟ್ಟಿಯಲ್ಲಿ ರಂಧ್ರ ಕೊರೆದು, ಹಲಗೆಯ ದಪ್ಪಕ್ಕಿಂತ ಗಿಡ್ಡವಾದ ತಿರುಪುಗಳನ್ನು ಒಂದು ಬಿಟ್ಟು ಒಂದು ಹಲಗೆಗೆ ಹಾಕಿಬಿಡಿ. ವಾಸ್ತವವಾಗಿ ಈ ಕೆಲಸವನ್ನು ಪೀಪಾಯಿ ಕತ್ತರಿಸುವ ಮೊದಲೇ ಮಾಡುವುದು ಲೇಸು. ಮುಂದೆ ಗಿಡವಿಲ್ಲದ ಕಾಲದಲ್ಲಿಯೂ ಮಣ್ಣನ್ನು ಪೂರ್ತಿ ಒಣಗಲು ಬಿಡಬೇಡಿ.

ಪ್ರಶ್ನೆ: ನೀರು ಬಸಿಯಲು ತಳದಲ್ಲಿ ಜಲ್ಲಿ ಹಾಕಿದರೆ ಸಾಕೆ? ಒಳಗೆ ಪ್ಲಾಸ್ಟಿಕ್ ಹಾಳೆ ಹೊದಿಸಬೇಕೆ?

ಉತ್ತರ: ಜಲ್ಲಿ ಹಾಕುವ ರೂಢಿ ಹಳೆಯದಾದರೂ ಅದರಿಂದ ಪ್ರಯೋಜನವಿಲ್ಲ. ನುಣುಪಾದ ಮಣ್ಣಿನಲ್ಲಿರುವ ನೀರು ದೊಡ್ಡ ಸಂದುಗಳಿರುವ ಜಲ್ಲಿಗೆ ಸುಲಭವಾಗಿ ಇಳಿಯದೆ ಅದರ ಮೇಲಿನ ಮಣ್ಣಿನಲ್ಲಿಯೇ ನಿಲ್ಲುವುದರಿಂದ, ಒದ್ದೆ ಪದರವು ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ತಳದಲ್ಲಿ ಬೆರಳು ತೂರುವಷ್ಟು ಅಗಲದ ಐದಾರು ರಂಧ್ರಗಳನ್ನು ಕೊರೆದು, ಮಣ್ಣು ಹೋಗದಂತೆ ಬಲೆಯ ಚೂರುಗಳನ್ನು ಮುಚ್ಚಿ. ಅದಕ್ಕಿಂತ ಮುಖ್ಯವಾದುದು, ಕುಂಡವನ್ನು ನೆಲಕ್ಕೆ ತಾಗಿಸದೆ ಮೂರು ನಾಲ್ಕು ಇಟ್ಟಿಗೆಗಳ ಮೇಲೆ ಕೂರಿಸುವುದು. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ತೇವವೂ ಗಾಳಿಯೂ ಒಟ್ಟಿಗೆ ಬೇಕು. ಹಸಿ ನೆಲದ ಮೇಲೆ ಕುಳಿತ ತಳದಲ್ಲಿ ಅವೆರಡೂ ಸದಾ ದೊರೆಯುವುದರಿಂದ ಕೊಳೆತ ಬಹುಪಾಲು ಅಲ್ಲಿಂದಲೇ ಆರಂಭವಾಗುತ್ತದೆ. ಅಡಿಯಲ್ಲಿ ಗಾಳಿಯಾಡಿದರೆ ನೀರು ಬಸಿದ ಮೇಲೆ ತಳ ಬೇಗ ಆರುತ್ತದೆ.

ಪ್ಲಾಸ್ಟಿಕ್ ಹಾಳೆಯನ್ನು ಹಾಕುವುದಾದರೆ ಒಳಬದಿಯ ಗೋಡೆಗೆ ಮಾತ್ರ ಹಾಕಿ, ತಳವನ್ನು ತೆರೆದಿಡಿ. ಹಲಗೆಗಳು ಹಸಿಯಾಗಿದ್ದರೆ ಬಿಗಿಯಾಗಿರುತ್ತವೆ ಎಂಬ ಕಾರಣಕ್ಕೆ ನಾನು ಹಾಳೆಯಿಲ್ಲದ ಪೀಪಾಯಿಯನ್ನೇ ಮೆಚ್ಚುತ್ತೇನೆ. ಸುಮಾರು 225 ಲೀಟರಿನ ಪೀಪಾಯಿಯ ಅರ್ಧಭಾಗ ಒದ್ದೆ ಮಣ್ಣು ತುಂಬಿದಾಗ ನೂರು ಕಿಲೋಗಿಂತ ಹೆಚ್ಚು ತೂಗುತ್ತದೆ. ಆದ್ದರಿಂದ ಜಾಗವನ್ನು ಮೊದಲೇ ನಿರ್ಧರಿಸಿ, ಅಲ್ಲಿಟ್ಟ ಮೇಲೆಯೇ ಮಣ್ಣು ತುಂಬಿ.

ಪ್ರಶ್ನೆ: ಹೊರಗೆ ಯಾವ ಎಣ್ಣೆ ಬಳಿಯಬೇಕು? ಒಳಭಾಗ ಸುಟ್ಟು ಕಪ್ಪಾಗಿದೆ, ಅದನ್ನು ಕೆರೆದು ತೆಗೆಯಬೇಕೆ?

ಉತ್ತರ: ಕೆರೆಯಬೇಡಿ. ಕೆಲವು ಮದ್ಯಗಳ ಪೀಪಾಯಿಯನ್ನು ಒಳಗೆ ಬೇಕೆಂದೇ ಸುಡುತ್ತಾರೆ. ಆ ಇದ್ದಿಲ ಪದರ ಗಿಡಕ್ಕೆ ಹಾನಿ ಮಾಡುವುದಿಲ್ಲ. ಚೆನ್ನಾಗಿ ತೊಳೆದರೆ ಸಾಕು. ಆದರೆ ಪೀಪಾಯಿಯಲ್ಲಿ ಹಿಂದೆ ಏನಿತ್ತು ಎಂಬುದು ತಿಳಿಯದಿದ್ದರೆ, ರಾಸಾಯನಿಕದ ವಾಸನೆ ಬರುತ್ತಿದ್ದರೆ, ಅದರಲ್ಲಿ ಸೊಪ್ಪು ತರಕಾರಿ ಬೆಳೆಯಲೇಬೇಡಿ. ಹೊರಗೆ ವರ್ಷಕ್ಕೊಮ್ಮೆ, ಹೊರಮೈ ಒಣಗಿರುವಾಗ, ಅಗಸೆ ಎಣ್ಣೆಯನ್ನು ತೆಳುವಾಗಿ ಬಳಿಯಿರಿ. ಹಲಗೆಗಳ ಕತ್ತರಿಸಿದ ತುದಿಗಳು ನೀರನ್ನು ಬೇಗ ಹೀರುವುದರಿಂದ ಅಲ್ಲಿಗೆ ಎರಡು ಸಲ ಬಳಿಯುವುದು ಒಳ್ಳೆಯದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಬಯಲಲ್ಲಿ ಒಣಗಿಸಿ. ಮರ ಕೊಳೆಯದಂತೆ ಬಳಿಯುವ ಟಾರಿನ ಎಣ್ಣೆಯಾದ ಕ್ರಿಯೊಸೋಟ್ ಗಿಡಕ್ಕೂ ಮನುಷ್ಯರಿಗೂ ಹಾನಿಕರವಾದುದರಿಂದ ಅದನ್ನು ಹತ್ತಿರಕ್ಕೂ ತರಬೇಡಿ.

ಪ್ರಶ್ನೆ: ನಮ್ಮ ಪೀಪಾಯಿಯ ತಳ ಕೊಳೆತು ಬಿದ್ದಿದೆ, ಬದಿಯ ಹಲಗೆಗಳು ಗಟ್ಟಿಯಾಗಿವೆ. ಎಸೆಯಬೇಕೆ?

ಉತ್ತರ: ಎಸೆಯಬೇಡಿ. ಪಟ್ಟಿಗಳನ್ನು ತಿರುಪಿನಿಂದ ಭದ್ರಪಡಿಸಿ, ತಳವಿಲ್ಲದ ಆ ಬಳೆಯನ್ನು ಹದಮಾಡಿದ ನೆಲದ ಮೇಲಿಟ್ಟು ಮಣ್ಣು, ಗೊಬ್ಬರ ತುಂಬಿ. ಬೇರುಗಳು ನೆಲಕ್ಕೆ ಇಳಿಯುವುದರಿಂದ ನೀರಿನ ಚಿಂತೆಯೂ ಕಡಿಮೆಯಾಗುತ್ತದೆ. ನೆಲಕ್ಕೆ ತಾಗಿದ ಅಂಚು ಕ್ರಮೇಣ ಸವೆಯುತ್ತದಾದರೂ ಓಕ್ ಗಟ್ಟಿ ಮರವಾದ್ದರಿಂದ ಇನ್ನೂ ಕೆಲವು ಬೆಳೆಗಳನ್ನು ಅದರಲ್ಲಿ ತೆಗೆಯಬಹುದು.